ಇಪ್ಪತ್ತು ಅಡಿಕೆ, ಹನ್ನೆರಡು ತಿಂಗಳು

ನಾನು ಶಿರಸಿಯವನು. ಇಪ್ಪತ್ತೆಂಟು ವರ್ಷ ಒಂದು ಸಹಕಾರಿ ಸಂಘದಲ್ಲಿ ಸಾಲದ ಅರ್ಜಿ ನೋಡುವ ಕೆಲಸ ಮಾಡಿದೆ. ಅರ್ಜಿ ಕೈಗೆ ಬಂದ ಕೂಡಲೇ ಮೊದಲು ಹುಡುಕುತ್ತಿದ್ದದ್ದು ಪಹಣಿ. ಪಹಣಿ ಇದ್ದರೆ ಮುಂದಿನ ಮಾತು. ಇಲ್ಲದಿದ್ದರೆ ಒಂದು ಚಹಾ ಕುಡಿಸಿ ಕಳಿಸುವುದು. ಹಾಗೆ ಚಹಾ ಕುಡಿದು ಹೋದವರಲ್ಲಿ ಮಂಚಿಕೇರಿ ಕಡೆಯ ಸಿದ್ದಿ ಸಮುದಾಯದವನೊಬ್ಬ ಇದ್ದ. ಎರಡು ಎಮ್ಮೆ ತೆಗೆದುಕೊಳ್ಳಲು ಸಾಲ ಕೇಳಿದ್ದ. ಶಿರಸಿ ಪೇಟೆಯಲ್ಲಿ ಮೊಮೊ ಅಂಗಡಿ ಇಡಬೇಕು ಅಂತ ಬಂದಿದ್ದ ಮುಂಡಗೋಡದ ನಿರಾಶ್ರಿತರ ಕ್ಯಾಂಪಿನ ಟಿಬೆಟನ್ ಹುಡುಗನೂ ಇದ್ದ. ಇಬ್ಬರನ್ನೂ ವಾಪಸ್ ಕಳಿಸಿದ್ದು ನಾನೇ. ಕಾರಣವೂ ಒಂದೇ, ಹೆಸರಿನಲ್ಲಿ ಜಮೀನಿಲ್ಲ.

ಟಿಬೆಟನ್ ಹುಡುಗ ಆರು ತಿಂಗಳಲ್ಲಿ ಅಂಗಡಿ ಇಟ್ಟ. ಸಿದ್ದಿ ಮತ್ತೊಂದು ಸಲ ಅರ್ಜಿ ಹಿಡಿದು ಬಂದ. ಅವನನ್ನು ಮತ್ತೂ ವಾಪಸ್ ಕಳಿಸಿದೆ.

ಇದು ಮನಸ್ಸಿನಲ್ಲಿ ಉಳಿದಿತ್ತು. ನಿವೃತ್ತಿ ಆದಮೇಲೆ ಕೈಯಲ್ಲಿ ಸಮಯ, ಮನೆಯಲ್ಲಿ ಒಂದು ಸ್ಕೂಟರ್. ಎರಡೂ ಕಡೆಯ ಮನೆಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡೋಣ ಅಂತ ಹೊರಟೆ. ಮುಂಡಗೋಡ ಕ್ಯಾಂಪುಗಳಲ್ಲಿ 11 ಮನೆ, ಯಲ್ಲಾಪುರ ತಾಲೂಕಿನ ಸಿದ್ದಿ ಕೇರಿಗಳಲ್ಲಿ 11 ಮನೆ. ಇಷ್ಟರಿಂದ ಇಡೀ ಸಮುದಾಯದ ಬಗ್ಗೆ ತೀರ್ಪು ಕೊಡೋಕೆ ಆಗಲ್ಲ. ನನಗೆ ಬೇಕಾಗಿದ್ದೂ ತೀರ್ಪಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹಿನ್ನೆಲೆ ಗೊತ್ತು, ಹೊರಗಿನವರಿಗೆ ನಾಲ್ಕು ಮಾತು ಹೇಳುತ್ತೇನೆ. ಟಿಬೆಟನ್ನರು ಮುಂಡಗೋಡಿಗೆ ಬಂದದ್ದು 1966ರಲ್ಲಿ. ಆಗ ಮುಖ್ಯಮಂತ್ರಿ ನಿಜಲಿಂಗಪ್ಪ. ಸುಮಾರು 4000 ಎಕರೆ ಕಾಡುಜಾಗ ಅವರ ವಸತಿಗೆ ಸಿಕ್ಕಿತು. ಅದನ್ನು ಕಡಿದು, ಕ್ಯಾಂಪ್ ನಂಬರ್ ಹಾಕಿ ಊರು ಕಟ್ಟಿದರು. ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆ ಆದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಎಲ್ಲಾ ಕಡೆ ಚದುರಿ ಕೂತರು. ಒಬ್ಬರು ಗುಂಪಾಗಿ ಬಂದರು, ಮತ್ತೊಬ್ಬರು ಒಬ್ಬೊಬ್ಬರಾಗಿ ಓಡಿ ಬಂದರು. ಈ ವ್ಯತ್ಯಾಸ ಶುರುವಿನಲ್ಲಿ ನನಗೆ ಅಷ್ಟೇನೂ ದೊಡ್ಡದು ಅನಿಸಿರಲಿಲ್ಲ.

ಮೊದಲ ತಪ್ಪು ಮಾಡಿದ್ದು ಡಿಸೆಂಬರ್‌ನಲ್ಲಿ. ಹವೆ ಚೆನ್ನಾಗಿರುತ್ತೆ, ಸ್ಕೂಟರ್ ಓಡಿಸೋಕೆ ಸುಖ ಅಂತ ಆ ತಿಂಗಳು ಹಿಡಿದೆ. ಎಕ್ಕಂಬಿ ದಾರಿಯಲ್ಲಿ ಮುಂಡಗೋಡಿಗೆ ಹೋದರೆ ಕ್ಯಾಂಪಿನಲ್ಲಿ ಅಜ್ಜ-ಅಜ್ಜಿಯರು, ಮಕ್ಕಳು, ಬಿಟ್ಟರೆ ಬೀಗ ಹಾಕಿದ ಬಾಗಿಲು. ದುಡಿಯುವ ವಯಸ್ಸಿನವರೆಲ್ಲ ಸ್ವೆಟರ್ ಮಾರಲು ಹುಬ್ಬಳ್ಳಿ ಅಂತ, ಮುಂಬೈ ಅಂತ ಹೋಗಿದ್ದರು. ಮಾರನೇ ವಾರ ಮಂಚಿಕೇರಿ ಕಡೆ ಹೋದರೆ ಅಲ್ಲೂ ಕೇರಿ ಖಾಲಿ. ಎಲ್ಲರೂ ತೋಟದಲ್ಲಿ. ಕೊನೆಕೊಯ್ಲು ಅಂದರೆ ಅಡಿಕೆ ಗೊನೆ ಇಳಿಸೋದು, ಅದನ್ನು ಹೊರೋದು, ರಾತ್ರಿ ಹನ್ನೊಂದರವರೆಗೆ ಸುಲಿಯೋದು. ಹುಟ್ಟಾ ಅಡಿಕೆ ಸೀಮೆಯವನಿಗೆ ಇದು ಹೊಳೆಯಲಿಲ್ಲ ಅಂದರೆ ಏನು ಹೇಳೋದು! ನಮ್ಮ ಮನೆಯಲ್ಲೇ ಆ ದಿನ ಅಡಿಕೆ ಸುಲಿಯುತ್ತಿದ್ದರು.

ಪೆಟ್ರೋಲ್ ದಂಡವಾದರೂ ಒಂದು ಸುಳಿವು ಸಿಕ್ಕಿತು. ಎರಡೂ ಕಡೆ ಒಂದೇ ತಿಂಗಳಲ್ಲಿ ದುಡಿಮೆ. ಹಾಗಾದರೆ ಉಳಿದ ತಿಂಗಳು?

ಮತ್ತೆ ಹೋದದ್ದು ಜುಲೈನಲ್ಲಿ, ಧೋ ಅಂತ ಸುರಿಯುವ ಮಳೆಯಲ್ಲಿ. ಈ ಸಲ ಎಲ್ಲರೂ ಮನೆಯಲ್ಲೇ ಸಿಕ್ಕರು. ಆದರೆ ಪ್ರಶ್ನೆ ಕೇಳುವುದು ಬರಲಿಲ್ಲ. "ತಿಂಗಳಿಗೆ ಎಷ್ಟು ಆದಾಯ?" ಅಂತ ಕೇಳಿದರೆ ಸಿದ್ದಿ ಮನೆಯಲ್ಲಿ ನಕ್ಕರು. ಟಿಬೆಟನ್ ಮನೆಯಲ್ಲಿ ಮುಖ ಗಂಭೀರವಾಯಿತು. ಯಾವುದೋ ಇಲಾಖೆಯಿಂದ ಬಂದಿದ್ದಾನೆ ಅಂದುಕೊಂಡರು. ತಪ್ಪು ಅವರದ್ದಲ್ಲ. ತಿಂಗಳ ಆದಾಯ ಅನ್ನೋದು ಸಂಬಳ ತಿಂದವನ ತಲೆಯಲ್ಲಿ ಮಾತ್ರ ಇರುವ ಲೆಕ್ಕ.

ಆಮೇಲೆ ಒಂದು ಉಪಾಯ ಮಾಡಿದೆ. ದೊಡ್ಡ ಬಿಳಿ ಹಾಳೆಯಲ್ಲಿ ಹನ್ನೆರಡು ಚೌಕ ಎಳೆದು ತಿಂಗಳ ಹೆಸರು ಬರೆದೆ. ಮನೆಯಿಂದ ಇಪ್ಪತ್ತು ಚಾಲಿ ಅಡಿಕೆ ತಂದಿದ್ದೆ. "ವರ್ಷಕ್ಕೆ ನಿಮ್ಮ ಮನೆಗೆ ಬರೋ ದುಡ್ಡೆಲ್ಲ ಇದು ಅಂತ ಇಟ್ಟುಕೊಳ್ಳಿ. ಯಾವ ತಿಂಗಳಲ್ಲಿ ಎಷ್ಟು ಬರುತ್ತೋ ಹಂಚಿ" ಅಂದೆ. ಎಷ್ಟು ರೂಪಾಯಿ ಅಂತ ಕೇಳಲೇ ಇಲ್ಲ. ಆಗ ಮಾತು ಬಿಚ್ಚಿತು.

ಒಂದು ಸಿದ್ದಿ ಮನೆಯ ಹಾಳೆ ಹೀಗಿತ್ತು. ನವೆಂಬರ್‌ನಿಂದ ಫೆಬ್ರವರಿವರೆಗೆ 11 ಅಡಿಕೆ. ಮಾರ್ಚ್‌ಗೆ 2. ಏಪ್ರಿಲ್, ಮೇ ಸೇರಿ 4, ಅದು ಜೇನು, ಮುರುಗಲು ಹಣ್ಣು, ತೋಟದ ಮಣ್ಣು ಕೆಲಸ. ಜೂನ್‌ಗೆ 1. ಜುಲೈ, ಆಗಸ್ಟ್ ಖಾಲಿ. "ಉಪ್ಪಾಗೆ ಇದೆಯಲ್ಲ?" ಅಂದೆ. ಉಪ್ಪಾಗೆ ಅಂದರೆ ಒಣಗಿಸಿ ಮಾರುವ ಕಾಡಿನ ಹುಳಿಹಣ್ಣು. ಮನೆಯಾಕೆ ನನ್ನನ್ನು ಪಾಪ ಅನ್ನೋ ಹಾಗೆ ನೋಡಿದಳು. "ಉಪ್ಪಾಗೆ ಹೆಕ್ಕೋದು ಮಳೆಗಾಲದಲ್ಲಿ. ಬಿಸಿಲಿಲ್ಲ, ಬೆಂಕಿ ಮೇಲೆ ಒಣಗಿಸಬೇಕು. ದುಡ್ಡು ಬರೋದು ಚೌತಿ ಹೊತ್ತಿಗೆ" ಅಂತ ಸೆಪ್ಟೆಂಬರ್‌ಗೆ 1 ಇಟ್ಟಳು. ಒಟ್ಟು 19 ಆಯಿತು. ಇನ್ನೊಂದು ಎಲ್ಲಿ ಅಂತ ಹುಡುಕಿದರೆ ಅವಳ ಅತ್ತೆಯ ಕವಳಕ್ಕೆ, ಅಂದರೆ ಎಲೆಯಡಿಕೆಗೆ, ಹೋಗಿತ್ತು.

ಆಮೇಲೆ ಅವಳು ಕೇಳದೇ ಒಂದು ಕೆಲಸ ಮಾಡಿದಳು. ನವೆಂಬರ್ ಚೌಕದಿಂದ ನಾಲ್ಕು ಅಡಿಕೆ ಎತ್ತಿ ಜುಲೈಗೆ ಸರಿಸಿದಳು. "ಇದು ಈಗಲೇ ತಿಂದಾಗಿದೆ" ಅಂದಳು. ಮಳೆಗಾಲದ ಅಕ್ಕಿಗೆ ತೋಟದ ಒಡೆಯರಿಂದ ತೆಗೆದುಕೊಂಡ ಮುಂಗಡ. ಕೊಯ್ಲಿನ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ.

ಕ್ಯಾಂಪಿನಲ್ಲಿ ಅಡಿಕೆ ನೋಡಿ ಒಬ್ಬ ಅಜ್ಜ ನಕ್ಕರು. ಒಳಗಿಂದ ಗೋವಿನಜೋಳ ತಂದು ಅದರಲ್ಲೇ ಲೆಕ್ಕ ಮಾಡೋಣ ಅಂದರು. ಅವರ ಕನ್ನಡ ಅರ್ಧ, ಹಿಂದಿ ಅರ್ಧ. ಮೊಮ್ಮಗಳು ಶುದ್ಧ ಮುಂಡಗೋಡ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದಳು. ಅಕ್ಟೋಬರ್‌ನಿಂದ ಜನವರಿಗೆ 13 ಕಾಳು ಸ್ವೆಟರಿಗೆ. ಹೊಲದ ಜೋಳಕ್ಕೆ 3. ಉಳಿದ 4 ಜೂನ್‌ಗೆ, ಹೊರದೇಶದಲ್ಲಿರುವ ಮಗಳು ಶಾಲೆ ಶುರುವಾಗುವಾಗ ಕಳಿಸೋದು. ಹಂಚಿ ಮುಗಿದ ಮೇಲೆ ಅಜ್ಜ ಸ್ವೆಟರಿನ ಹದಿಮೂರರಲ್ಲಿ ಎಂಟು ಕಾಳು ಎತ್ತಿ ಹಾಳೆಯ ಹೊರಗೆ ಇಟ್ಟರು. "ಇದು ಲಾಲಾನದು."

ಲಾಲಾ ಅಂದರೆ ಲುಧಿಯಾನಾದ ಸಗಟು ವ್ಯಾಪಾರಿ. ಸರಕನ್ನು ಉದ್ರಿ ಕೊಡುತ್ತಾನೆ. ಚಳಿಗಾಲ ಮುಗಿದ ಮೇಲೆ ಹಣ ತೀರಿಸಬೇಕು. ಕಾಗದಪತ್ರಕ್ಕಿಂತ ನಂಬಿಕೆ ಜಾಸ್ತಿ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಈ ಮನೆಯವರು ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿ ಕೂತಿದ್ದರಂತೆ. ಚಳಿ ಇತ್ತು, ಗಿರಾಕಿ ಇದ್ದರು, ಚಿಲ್ಲರೆ ಇರಲಿಲ್ಲ. ಆ ವರ್ಷದ ಲಾಲಾನ ಬಾಕಿ ತೀರಿಸಲು ಎರಡು ವರ್ಷ ಹಿಡಿಯಿತು.

ಅಂದರೆ ಎರಡೂ ಮನೆಯಲ್ಲಿ ಸಾಲ ಇದೆ. ಪಹಣಿ ಎರಡೂ ಕಡೆ ಇಲ್ಲ. ಅಡಮಾನವೂ ಇಲ್ಲ, ಬರೀ ಬಾಯಿಮಾತಿನ ಮೇಲೆ ಹುಟ್ಟಿದ ಸಾಲ. ಆದರೆ ಒಬ್ಬರಿಗೆ ಉದ್ರಿ ಸಿಕ್ಕಿದ್ದು ಸ್ವೆಟರ್, ಅದನ್ನು ಮಾರಿದರೆ ಎಂಟು ಹೋಗಿ ಐದಾದರೂ ಉಳಿಯುತ್ತೆ. ಇನ್ನೊಬ್ಬರಿಗೆ ಸಿಕ್ಕಿದ್ದು ಅಕ್ಕಿ. ಅದು ಆಷಾಢದಲ್ಲೇ ಹೊಟ್ಟೆಗೆ ಹೋಯಿತು. ಇಪ್ಪತ್ತೆಂಟು ವರ್ಷ ಸಾಲದ ಮೇಜಿನ ಹಿಂದೆ ಕೂತು ನಾನು ಬಡ್ಡಿ ಎಷ್ಟು, ಬಾಕಿ ಎಷ್ಟು ಅಂತ ನೋಡಿದೆನೇ ಹೊರತು ಸಾಲವಾಗಿ ಮನೆಗೆ ಬಂದ ವಸ್ತು ಯಾವುದು ಅಂತ ನೋಡಿರಲಿಲ್ಲ.

ಇಲ್ಲಿ ನಮ್ಮ ಮನೆಯ ಮಾತು ಬರುತ್ತದೆ. ಬಿಟ್ಟು ಬರೆದರೆ ಲೆಕ್ಕ ಸುಳ್ಳಾಗುತ್ತೆ. ನಮ್ಮ ಅಜ್ಜನ ಖಾತೆ ಪುಸ್ತಕಗಳು ಅಟ್ಟದ ಮೇಲೆ ಇದ್ದವು. ಇಳಿಸಿ ಧೂಳು ಕೊಡವಿ ನೋಡಿದೆ. ಅದರಲ್ಲಿ ನಾಲ್ಕು ಸಿದ್ದಿ ಆಳುಗಳ ಖಾತೆ ಇದೆ. ಅಕ್ಕಿ ಬಾಬ್ತು, ಕಂಬಳಿ ಬಾಬ್ತು, ಮದುವೆ ಬಾಬ್ತು. ವರ್ಷದ ಕೊನೆಗೆ ಬಾಕಿ ಮುಂದಿನ ಪುಟಕ್ಕೆ. ಒಬ್ಬನ ಬಾಕಿ ಹೀಗೆ ಹದಿನಾಲ್ಕು ವರ್ಷ ಪುಟ ದಾಟುತ್ತಾ ಹೋಗಿದೆ. ಆಮೇಲೆ ಅವನ ಹೆಸರು ಹೋಗಿ ಅದೇ ಬಾಕಿ ಮಗನ ಹೆಸರಿಗೆ ಬಂದಿದೆ. ಅಜ್ಜ ಕೆಟ್ಟವರಾಗಿರಲಿಲ್ಲ. ಅದೇ ಪುಸ್ತಕದಲ್ಲಿ ಆ ಆಳಿನ ಹೆಂಡತಿಯ ಔಷಧಕ್ಕೆ ಕೊಟ್ಟದ್ದನ್ನು ಖಾತೆಗೆ ಹಿಡಿಯದೆ ಬಿಟ್ಟದ್ದೂ ಇದೆ. ಆದರೂ ಆ ಹದಿನಾಲ್ಕು ಪುಟ ತಿರುವಿದ ಮೇಲೆ ಒಂದೆರಡು ದಿನ ನನಗೆ ಯಾರ ಮನೆಗೂ ಹೋಗೋಕೆ ಮನಸ್ಸಾಗಲಿಲ್ಲ.

ಮುಂದೆ ಕಾಗದದ ವಿಷಯ. ಇದರಲ್ಲಿ ನನಗೆ ಪಳಗಿದ ಕೈ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಟಿಬೆಟನ್ ಮನೆಯಲ್ಲಿ ಕೇಳಿದ ಕೂಡಲೇ ತೋರಿಸಿದ್ದು ಆರ್‌ಸಿ, ಅಂದರೆ ಟಿಬೆಟನ್ನರಿಗೆ ಸರ್ಕಾರ ಕೊಡುವ ನೋಂದಣಿ ಪತ್ರ. ಹೊಲ, ಮನೆ ಎಲ್ಲ ವಸತಿಗೆ ಗುತ್ತಿಗೆಯಾಗಿ ಕೊಟ್ಟ ಜಾಗದಲ್ಲಿ. ಕುಟುಂಬಕ್ಕೆ ಅನುಭವಿಸುವ ಹಕ್ಕು ಉಂಟು, ಮಾರುವಂತಿಲ್ಲ. ನಾಗರಿಕತ್ವ ಇಲ್ಲದವರಿಗೆ ಸರ್ಕಾರಿ ನೌಕರಿ ಇಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ನಾಗರಿಕರು. ಕೋರ್ಟುಗಳೂ ಹಾಗೇ ಹೇಳಿವೆ. ಆದರೆ ನಾನು ಕಂಡ ಮನೆಗಳಲ್ಲಿ ಅದನ್ನು ಕೇಳಿ ಪಡೆದವರು ಕಡಿಮೆ. ಆ ಕಾಗದ ತೆಗೆದುಕೊಂಡರೆ ಕ್ಯಾಂಪಿನ ಮನೆ, ಹೊಲ ಏನಾಗುತ್ತೋ ಅನ್ನೋ ಹೆದರಿಕೆ. ಅದರ ಮೇಲೆ ಮನಸ್ಸಿನ ಇನ್ನೊಂದು ತೊಡಕು, ನಿರಾಶ್ರಿತ ಅನ್ನೋದನ್ನು ಬಿಟ್ಟರೆ ಊರನ್ನೇ ಬಿಟ್ಟ ಹಾಗೆ ಅಲ್ವಾ ಅಂತ.

ಸಿದ್ದಿ ಮನೆಯಲ್ಲಿ ಪೆಟ್ಟಿಗೆಯಿಂದ ಬಂದದ್ದು ಎರಡು ಕಾಗದ. ಒಂದು ಜಾತಿ ಪ್ರಮಾಣಪತ್ರ. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಇನ್ನೊಂದು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕುಪತ್ರ. ಮೊದಲನೆಯ ಕಾಗದ ಇಲ್ಲದಿದ್ದರೆ ಎರಡನೆಯದು ಬಲು ಕಷ್ಟ. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿ ಮಾಡುತ್ತಿದ್ದುದನ್ನು ತೋರಿಸಿದರೆ ಸಾಕು. ಬೇರೆಯವರು 75 ವರ್ಷದ ವಾಸ ತೋರಿಸಬೇಕು. ಕಾಡಿನಲ್ಲಿದ್ದವನು 75 ವರ್ಷದ ದಾಖಲೆ ಎಲ್ಲಿಂದ ತರುತ್ತಾನೆ? ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರುತ್ತೆ. ಮಕ್ಕಳಿಗೆ ಹೋಗುತ್ತೆ. ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ.

ಎರಡೂ ಕಾಗದ ಪಕ್ಕದಲ್ಲಿಟ್ಟು ನೋಡಿದರೆ ಸಾಲ ಕೊಡುವವನ ಕಣ್ಣಿಗೆ ಇಬ್ಬರೂ ಒಂದೇ. ಉಳಲು ನೆಲ ಇದೆ, ಅಡವಿಡಲು ನೆಲ ಇಲ್ಲ. ವ್ಯತ್ಯಾಸ ಇರುವುದು ಕಾಗದದ ಹಿಂದೆ ನಿಂತವರಲ್ಲಿ. ಟಿಬೆಟನ್ ಕುಟುಂಬದ ಹಿಂದೆ ವಸತಿಯ ಕಚೇರಿ ಇದೆ, ಅವರದ್ದೇ ಸಹಕಾರ ಸಂಘ ಇದೆ, ಆಸ್ಪತ್ರೆ ಇದೆ. 1961ರಲ್ಲೇ ಕೇಂದ್ರ ಸರ್ಕಾರ ಅವರ ಮಕ್ಕಳಿಗಾಗಿ ಬೇರೆ ಶಾಲಾ ಮಂಡಳಿ ಮಾಡಿತ್ತು. ಮುಂಡಗೋಡಿಗೆ ಬರುವ ಮೊದಲೇ ಆ ವ್ಯವಸ್ಥೆ ಶುರುವಾಗಿತ್ತು ಅಂತಾಯಿತು. ಮೊಮೊ ಅಂಗಡಿಯ ಹುಡುಗನಿಗೆ ಸಾಲ ಸಿಕ್ಕಿದ್ದು ಎಲ್ಲಿಂದ ಅಂತ ಆಮೇಲೆ ವಿಚಾರಿಸಿದೆ. ಚಿಕ್ಕಪ್ಪ, ಅಕ್ಕ, ಸಂಘ, ಮೂರು ಕಡೆಯಿಂದ. ಸಿದ್ದಿಗೆ ಚಿಕ್ಕಪ್ಪ, ಅಕ್ಕ ಇರಲಿಲ್ಲ ಅಂತಲ್ಲ. ಅವರ ನವೆಂಬರ್‌ನ ಅಡಿಕೆಯೂ ಜುಲೈನಲ್ಲೇ ಹೋಗಿತ್ತು.

ಇನ್ನೊಂದು ವಿಷಯ ನಮ್ಮವರಿಗೆ ಹಿಡಿಸಲಿಕ್ಕಿಲ್ಲ. ಈ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರದ ಸೊಪ್ಪು ಕಡಿಯುವ ಕಾಡು, ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಅದೂ ಕಾಡೇ. ಆ ಬೆಟ್ಟದ ಸೊಪ್ಪು ಕಡಿಯೋಕೆ ಹೋಗುವ ಆಳಿನ ಗುಡಿಸಲಿನ ಜಾಗಕ್ಕೆ ಮಾತ್ರ ಅತಿಕ್ರಮಣ ಅಂತ ಹೆಸರು.

ಹೋಲಿಕೆ ಮಾಡುವವರಿಗೆ ಒಂದು ಎಚ್ಚರಿಕೆ. ಮುಂಡಗೋಡಿಗೆ ಹೋದವರ ಕಣ್ಣಿಗೆ ಮೊದಲು ಬೀಳೋದು ಗಾದೆನ್, ಡ್ರೆಪುಂಗ್ ಮಠಗಳು. ಚಿನ್ನದ ಬಣ್ಣದ ಮಾಡು, ದೊಡ್ಡ ಅಂಗಳ. ಲಾಮಾಗಳಿಗೇನು ಕಮ್ಮಿ, ಫಾರಿನ್ ದುಡ್ಡು ಅಂತ ಊರವರು ಸುಮ್ನೆ ಹೇಳಿಬಿಡುತ್ತಾರೆ. ಮಠದ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ. ನಾನು ಮೊದಲ ಮೂರು ಮನೆಗಳಲ್ಲಿ ಇದನ್ನು ಬೆರೆಸಿ ಬರೆದು ಆಮೇಲೆ ಹರಿದು ಹಾಕಿದೆ. ಜುಲೈನಲ್ಲೂ ಬೀಗ ಹಾಕಿದ್ದ ಕೆಲವು ಮನೆಗಳನ್ನೂ ಬಿಡಬಾರದು. ಅವು ಹೊರದೇಶಕ್ಕೆ ಹೋದವರ ಮನೆ. ಅನುಕೂಲ ಆದವರೇ ನನ್ನ ಹಾಳೆಗೆ ಸಿಗಲಿಲ್ಲ. ಅದೇ ಕೇರಿಯಲ್ಲಿ ಮಕ್ಕಳೆಲ್ಲ ಹೊರಟುಹೋಗಿ, ಹೊಲ ಮಾಡೋಕೆ ಜನ ಇಲ್ಲದೆ ಕೂತ ಮುದುಕರೂ ಇದ್ದಾರೆ. ಸಿದ್ದಿ ಕಡೆಯೂ ಹಾಗೆ. ಗೋವಾಕ್ಕೆ ಕೆಲಸಕ್ಕೆ ಹೋದವರು, ಮೀಸಲಾತಿಯಲ್ಲಿ ನೌಕರಿ ಸಿಕ್ಕವರು ನಾನು ಹೋದಾಗ ಮನೆಯಲ್ಲಿರಲಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದದ್ದನ್ನು ಪ್ರತಿ ಕೇರಿಯಲ್ಲೂ ಹೇಳಿದರು. ಆದರೆ ಹಾಳೆಯಲ್ಲಿ ಅದಕ್ಕೆ ಚೌಕ ಇರಲಿಲ್ಲ.

ವಲಸೆ ಅನ್ನೋ ಪದಕ್ಕೆ ನನಗೆ ಒಂದು ಸಲ ಸರಿಯಾಗಿ ಬಿತ್ತು. "ವಲಸೆ ಬಂದವರ ಲೆಕ್ಕ ಮಾಡ್ತಿದ್ದೇನೆ" ಅಂದಿದ್ದಕ್ಕೆ ಕವಳದ ಅತ್ತೆ ಕೇಳಿದಳು, "ನಿಮ್ಮ ಹಿರಿಯರು ಎಲ್ಲಿಂದ ಬಂದಿದ್ರು ಹೆಗಡೇರೆ?" ಮಯೂರವರ್ಮ ಅಹಿಚ್ಛತ್ರದಿಂದ ಕರೆತಂದ ಅಂತ ನಮ್ಮಲ್ಲೇ ಕಥೆ ಹೇಳುತ್ತೇವೆ. ಹೇಳಿದೆ. "ಹಾಗಾದ್ರೆ ಮೂರನೇ ಹಾಳೆಯೂ ಮಾಡಿ" ಅಂದಳು. ಮಾಡಿಲ್ಲ ಇನ್ನೂ.

ಎಮ್ಮೆಯ ಸಾಲ ಕೇಳಿದ್ದವನ ಮನೆಗೂ ಹೋದೆ. ಈಗ ಅವನ ಹತ್ತಿರ ಹಕ್ಕುಪತ್ರ ಇದೆ, ಎಮ್ಮೆ ಇಲ್ಲ. ಹೆಂಡತಿ ಕೌದಿ ಹೊಲಿಯುತ್ತಾಳೆ, ಮಳೆಗಾಲದಲ್ಲೇ ಹೊಲಿಗೆ ಜಾಸ್ತಿ. ಇಬ್ಬರೂ ನನ್ನನ್ನು ಗುರುತು ಹಿಡಿದರು. ಚಹಾ ಕೊಟ್ಟರು. ಕುಡಿಯುವಾಗ ಗಂಟಲಲ್ಲಿ ಸ್ವಲ್ಪ ಬಿಸಿಯಾಯಿತು. ಹಾಳೆ ಹಾಸಿದೆ. ಆಕೆ ಜುಲೈ, ಆಗಸ್ಟ್ ಚೌಕದಲ್ಲಿ ಒಂದೊಂದು ಅಡಿಕೆ ಇಟ್ಟಳು. ಯಲ್ಲಾಪುರ ಕಡೆಯ 11 ಹಾಳೆಯಲ್ಲಿ ಆ ಎರಡು ಚೌಕಕ್ಕೆ ಸ್ವಂತ ದುಡಿಮೆಯ ಅಡಿಕೆ ಬಿದ್ದಿದ್ದು ಅದೊಂದೇ ಮನೆಯಲ್ಲಿ. ಹೊರಡುವಾಗ ಮತ್ತೆ ಬರಲೇ ಅಂತ ಕೇಳಿದೆ.

"ಬನ್ನಿ. ಡಿಸೆಂಬರ್‌ನಲ್ಲಿ ಬೇಡ, ಪುರಸೊತ್ತಿರಲ್ಲ."

ಕ್ಯಾಂಪಿನ ಅಜ್ಜನೂ ಕೈ ಹಿಡಿದು ಇದೇ ಮಾತು ಹೇಳಿದ್ದರು.