ಹುಬ್ಬಳ್ಳಿಯಲ್ಲಿ ಗೈನೆಕೊ: ಬರೀ ಟ್ಯುಮೆಸೆಂಟ್, ಒಂದೇ ರೇಟು

ಬರೀ ಟ್ಯುಮೆಸೆಂಟ್ (ಮರಗಟ್ಟಿಸುವ ಔಷಧ ಬೆರೆಸಿದ ಸಲೈನನ್ನು ಆ ಜಾಗಕ್ಕೇ ತುಂಬುವುದು) ಹಾಕಿ ಗೈನೆಕೊಮಾಸ್ಟಿಯಾ (ಗಂಡಸರ ಎದೆಯಲ್ಲಿ ಹೆಂಗಸರಂತೆ ಗ್ರಂಥಿ ಬೆಳೆದು ಉಬ್ಬುವುದು) ಆಪರೇಶನ್ ಮಾಡುತ್ತೇನೆ, ಜನರಲ್ ಅನಸ್ತೇಶಿಯಾ ಬೇಡ, ಅಡ್ಮಿಶನ್ ಬೇಡ, ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಸುತ್ತೇನೆ ಎಂದು ಐದಾರು ವರ್ಷದ ಹಿಂದೆ ಹೇಳಿದಾಗ ನಮ್ಮ ಪ್ಲಾಸ್ಟಿಕ್ ಸರ್ಜನ್ ಬಳಗದಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ಗ್ರಂಥಿಗೆ ಕತ್ತರಿ ಹಾಕಿದ ಕೂಡಲೇ ಹುಡುಗ ಟೇಬಲ್ಲಿನಿಂದ ಎದ್ದು ಕೂರುತ್ತಾನೆ ಅಂದರು ಒಬ್ಬರು. ಹುಬ್ಬಳ್ಳಿಯಲ್ಲಿ ಕಾಸ್ಮೆಟಿಕ್ ನಡೆಯುವುದಿಲ್ಲ, ದುಡ್ಡಿದ್ದವರು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗುತ್ತಾರೆ, ಇಲ್ಲದವರು ದೊಗಳೆ ಅಂಗಿಯಲ್ಲೇ ಕಾಲ ಹಾಕುತ್ತಾರೆ ಅಂದರು ಇನ್ನೊಬ್ಬರು. ಈಗ ವಾರಕ್ಕೆ ಎರಡು ಮೂರು ಕೇಸು ಹೀಗೇ ಆಗುತ್ತಿವೆ, ಒಟ್ಟು ನಾನೂರರ ಹತ್ತಿರ ಬಂದಿರಬೇಕು. ಅಂದು ಬೇಡ ಅಂದವರಲ್ಲಿ ಇಬ್ಬರು ಮೊನ್ನೆ ಮೊನ್ನೆ ಓಟಿಗೆ (ಆಪರೇಶನ್ ಥಿಯೇಟರಿಗೆ) ಬಂದು ನೋಡಿ ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗಿರಾಕಿಯ ಮಾತು. ನಾನು ಇಲ್ಲಿ ಶುರು ಮಾಡಿದಾಗ ಕೈತುಂಬ ಇದ್ದದ್ದು ಸುಟ್ಟಗಾಯದ ಕಾಂಟ್ರಾಕ್ಚರ್ (ಚರ್ಮ ಬಿಗಿದು ಸೆಟೆದದ್ದು), ಸುಗ್ಗಿಯಲ್ಲಿ ರಾಶಿ ಮಷೀನಿಗೆ ಸಿಕ್ಕ ಕೈಬೆರಳು, ಬೈಕ್ ಬಿದ್ದ ಮುಖ. ಚೆಂದಕ್ಕಾಗಿ ಬರುವವರು ತಿಂಗಳಿಗೊಬ್ಬರು, ಅದೂ ಮುಖ ಮುಚ್ಚಿಕೊಂಡು. ಬದಲಾವಣೆ ಎಲ್ಲಿಂದ ಬಂತೆಂದರೆ ಭರ್ತಿಯ ಮೈದಾನದಿಂದ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಊರೂರಿಗೆ ಸೈನ್ಯಕ್ಕೆ ತಯಾರಿ ಮಾಡುವ ಹುಡುಗರಿದ್ದಾರೆ, ಧಾರವಾಡದ ಕೋಚಿಂಗ್ ರೂಮುಗಳಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುವವರು ಬೇರೆ. ಓಟದಲ್ಲಿ ಪಾಸಾಗಿ, ಮೆಡಿಕಲ್‌ನಲ್ಲಿ ಗೈನೆಕೊಮಾಸ್ಟಿಯಾ ಎಂದು ಬರೆಸಿಕೊಂಡು ಚೀಟಿ ಹಿಡಿದು ಬಂದವರು ನನ್ನ ಮೊದಲ ಗಿರಾಕಿಗಳು. 2022ರಲ್ಲಿ ಅಗ್ನಿಪಥ ಬಂದ ಮೇಲಂತೂ ವಯಸ್ಸು ದಾಟೀತೆಂಬ ಗಡಿಬಿಡಿ ಇನ್ನೂ ಹೆಚ್ಚಾಯಿತು. ಆಮೇಲೆ ಜಿಮ್ ಹುಡುಗರು ಬಂದರು, ಅವರ ಹಿಂದೆ ಮದುವೆ ಗೊತ್ತಾದವರು. "ಸರ, ಎಂಗೇಜ್ಮೆಂಟ್ ಫೋಟೋದಾಗ ಕೋಟ್ ಬಿಚ್ಚಾಕ ಆಗಲಿಲ್ರೀ" ಅಂದ ಗದಗಿನ ಹುಡುಗನೊಬ್ಬ. ಇದನ್ನು ಶೋಕಿ ಎಂದು ತಳ್ಳಿಹಾಕುವವರ ಜೊತೆ ನಾನು ವಾದ ಮಾಡುವುದಿಲ್ಲ, ಒಂದು ದಿನ ನನ್ನ ಓಪಿಡಿಯಲ್ಲಿ ಕೂತುಕೊಳ್ಳಿ ಅನ್ನುತ್ತೇನೆ.

ವಿಧಾನದ ಬುಡ ನಮ್ಮ ಬಳಗಕ್ಕೆ ಗೊತ್ತೇ ಇದೆ. ಲೀಟರ್ ಸಲೈನಿಗೆ ಮರಗಟ್ಟಿಸಲು 500 ಮಿ.ಗ್ರಾಂ ಲಿಗ್ನೊಕೇನ್, ರಕ್ತನಾಳ ಬಿಗಿಯಲು 1 ಮಿ.ಗ್ರಾಂ ಅಡ್ರಿನಲಿನ್, ಜೊತೆಗೆ ಸೋಡಾಬೈಕಾರ್ಬ್. ಈ ಮಾಮೂಲಿ ದ್ರಾವಣದಲ್ಲಿ ಲೈಪೊ (ಕೊಬ್ಬು ಹೀರಿ ತೆಗೆಯುವುದು) ಸಲೀಸಾಗಿ ಆಗುತ್ತದೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಕೈಕೊಟ್ಟದ್ದು ಏರಿಯೋಲಾದ (ತೊಟ್ಟಿನ ಸುತ್ತಲಿನ ಕಪ್ಪು ಭಾಗದ) ಕೆಳಗೆ. ಕೊಬ್ಬು ಎಳೆಯುವಾಗ ಸುಮ್ಮನಿದ್ದ ಹುಡುಗ ಗ್ರಂಥಿ ಹಿಡಿದೆಳೆದ ತಕ್ಷಣ ಹಲ್ಲು ಕಚ್ಚುತ್ತಿದ್ದ. ಮೊದಲ ವರ್ಷ ಐದರಲ್ಲಿ ಒಬ್ಬರಿಗಾದರೂ ನಡುವೆ ಅನಸ್ತೇಟಿಸ್ಟ್ ಕೈಯಿಂದ ಮಂಪರಿಗೆ ಕೊಡಿಸಬೇಕಾಗುತ್ತಿತ್ತು. ಹಾಗೆ ಕೊಡಿಸಿದರೆ ಬರೀ ಟ್ಯುಮೆಸೆಂಟ್ ಎಂಬ ಮಾತಿಗೇ ಅರ್ಥವಿಲ್ಲ, ಖರ್ಚೂ ಏರುತ್ತದೆ. ಈಗ ಎರಡು ಬಾಟಲಿ ಇಡುತ್ತೇನೆ. ಕೊಬ್ಬಿಗೆ ಮಾಮೂಲಿಯದು, ಗ್ರಂಥಿಗೆ ಮಾತ್ರ ಅದರ ಎರಡರಷ್ಟು ಗಟ್ಟಿ, ಪ್ರತಿ ಬದಿಗೆ ನೂರು ನೂರೈವತ್ತು ಎಂಎಲ್. ಹಾಕಿ ಇಪ್ಪತ್ತೈದು ನಿಮಿಷ ಮುಟ್ಟುವುದಿಲ್ಲ. 65 ಕೆ.ಜಿ. ಹುಡುಗನಿಗೆ ಕೆ.ಜಿ.ಗೆ 35 ಮಿ.ಗ್ರಾಂ ಲೆಕ್ಕದಲ್ಲಿ 2,275 ಮಿ.ಗ್ರಾಂವರೆಗೆ ಲಿಗ್ನೊಕೇನ್‌ಗೆ ಜಾಗ ಇದೆ. ನಾನು ಸಾವಿರದ ಇನ್ನೂರು ದಾಟಿದ ನೆನಪಿಲ್ಲ. ಇದರ ಜೊತೆಗೆ ಮೊದಲ ಸೂಜಿ ಎಲ್ಲಿ, ಯಾವ ಪದರದಲ್ಲಿ, ಯಾವ ಕ್ರಮದಲ್ಲಿ ಎನ್ನುವುದೂ ಇದೆ. ಅರ್ಧ ಗುಟ್ಟು ಅಲ್ಲೇ ಇರುವುದು. ಅದನ್ನು ಇಲ್ಲಿ ಬರೆಯುವುದಿಲ್ಲ, ಕೈಯಲ್ಲಿ ಕಲಿಸುವ ಸಂಗತಿ ಅದು.

ಬಾಟಲಿಯನ್ನು ಬೆಚ್ಚಗೆ ಮಾಡಿಯೇ ಹಾಕಿ. ಎಸಿ ಓಟಿಯಲ್ಲಿ ತಣ್ಣನೆಯ ಲೀಟರ್ ನೀರು ಎದೆಗೆ ಹೋದರೆ ಹುಡುಗ ಗಡಗಡ ನಡುಗುತ್ತಾನೆ, ನಡುಗುವವನ ಮೇಲೆ ಕ್ಯಾನುಲಾ (ಕೊಬ್ಬು ಎಳೆಯುವ ಕೊಳವೆ) ಆಡಿಸಲಾಗುವುದಿಲ್ಲ.

ಎಚ್ಚರ ಇರುವ ರೋಗಿ ತೊಂದರೆ ಎಂದವರಿಗೆ ನನ್ನ ಉತ್ತರ ತಿರುಗುಮುರುಗು. ಅವನು ಎಚ್ಚರ ಇರುವುದೇ ನನ್ನ ದೊಡ್ಡ ಲಾಭ. ಗ್ರಂಥಿ ತೆಗೆದಾದ ಮೇಲೆ ಟೇಬಲ್ ಎತ್ತಿ ಅವನನ್ನು ಕೂರಿಸುತ್ತೇನೆ, ಎದೆ ನಿಂತಾಗ ಹೇಗೆ ಕಾಣುತ್ತದೋ ಆಗಲೇ ನೋಡುತ್ತೇನೆ. ಕೈ ಮೇಲೆತ್ತು ಅಂದರೆ ಎತ್ತುತ್ತಾನೆ, ಬದಿಯಲ್ಲಿ ಉಳಿದ ಕೊಬ್ಬು ಗೊತ್ತಾಗುತ್ತದೆ. ಕೆಮ್ಮು ಅಂದರೆ ಕೆಮ್ಮುತ್ತಾನೆ. ಈ ಕೆಮ್ಮಿನಿಂದ ನನ್ನ ಹೆಮಟೋಮಾ (ಒಳಗೆ ರಕ್ತ ತುಂಬಿ ಊದುವುದು) ಲೆಕ್ಕವೇ ಬದಲಾಗಿದೆ. ಮೊದಲು ಡ್ರೇನ್ (ಒಳಗಿನ ರಕ್ತ ಹೊರಬಿಡುವ ಕೊಳವೆ) ಇಲ್ಲದೆ ಕಳಿಸಿದವರಲ್ಲಿ ನೂರಕ್ಕೆ ಏಳೆಂಟು ಜನ ರಾತ್ರಿ ಎದೆ ಊದಿಸಿಕೊಂಡು ವಾಪಸ್ ಬಂದರು. ಓಟಿಯಲ್ಲಿ ಅಡ್ರಿನಲಿನ್ ಬಿಗಿ ಹಿಡಿದಿದ್ದ ನಾಳ ಸಂಜೆ ಏಳೆಂಟು ಗಂಟೆಗೆ ಬಿಡುತ್ತದೆ. ಡ್ರೇನ್ ಹಾಕಿ ನೋಡಿದೆ, ಗಾಯ ಹೆಚ್ಚಾಯಿತು, ಊದುವುದು ಅಷ್ಟೇನೂ ಕಡಿಮೆಯಾಗಲಿಲ್ಲ. ಈಗ ಹತ್ತು ನಿಮಿಷ ಒತ್ತಿ ಹಿಡಿದು, ಲೈಟ್ ಇರುವ ರಿಟ್ರಾಕ್ಟರ್ (ಗಾಯ ಅಗಲಿಸಿ ಹಿಡಿಯುವ ಉಪಕರಣ) ಹಾಕಿ, ನಾಲ್ಕೈದು ಸಲ ಜೋರಾಗಿ ಕೆಮ್ಮಿಸಿ, ಚಿಮ್ಮಿದ್ದನ್ನೆಲ್ಲ ಸುಟ್ಟು ಮುಚ್ಚುತ್ತೇನೆ. ನೂರಕ್ಕೆ ಎರಡಕ್ಕೆ ಇಳಿದಿದೆ.

ಸಂಜೆ ಕಳಿಸುವುದರಲ್ಲಿ ನಿಜವಾದ ಅಪಾಯ ರಕ್ತಕ್ಕಿಂತ ಲಿಗ್ನೊಕೇನ್‌ನದು, ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಟ್ಯುಮೆಸೆಂಟ್‌ನಲ್ಲಿ ರಕ್ತದಲ್ಲಿ ಅದರ ಮಟ್ಟ ಏರಿ ತುದಿ ಮುಟ್ಟುವುದು ಸುಮಾರು ಹನ್ನೆರಡು ಗಂಟೆಯ ಹೊತ್ತಿಗೆ. ಬೆಳಗ್ಗೆ ಹತ್ತಕ್ಕೆ ಹಾಕಿದರೆ ರಾತ್ರಿ ಹತ್ತು. ಆ ಹೊತ್ತಿಗೆ ಅವನು ಹಾವೇರಿ ಬಸ್ಸಿನಲ್ಲಿ ಇರಬಾರದು. ಆದ್ದರಿಂದ ಮೊದಲ ರಾತ್ರಿ ಹುಬ್ಬಳ್ಳಿಯಲ್ಲೇ, ನಮ್ಮಿಂದ ಹದಿನೈದು ನಿಮಿಷದ ಒಳಗೆ, ಜೊತೆಗೊಬ್ಬರು. ನೆಂಟರಿಲ್ಲದವರಿಗೆ ಹತ್ತಿರದ ಲಾಡ್ಜಿನಲ್ಲಿ ರೂಮು ನಾವೇ ಹಿಡಿದುಕೊಡುತ್ತೇವೆ. ಹತ್ತು ಗಂಟೆಗೆ ಸಿಸ್ಟರ್ ಫೋನ್ ಮಾಡಿ ಕೇಳುವುದು ಮೂರೇ ಪ್ರಶ್ನೆ: ತುಟಿ ಜೋಮು ಹಿಡಿದಿದೆಯಾ, ಕಿವಿ ಗುಂಯ್ ಅನ್ನುತ್ತಿದೆಯಾ, ಬಟ್ಟೆ ತೊಯ್ದು ಕೆಂಪಾಗಿದೆಯಾ. ಓಟಿಯಲ್ಲಿ ಇಂಟ್ರಾಲಿಪಿಡ್ 20% (ಲಿಗ್ನೊಕೇನ್ ವಿಷವೇರಿದರೆ ಕೊಡುವ ಕೊಬ್ಬಿನ ದ್ರಾವಣ) ಬಾಟಲಿ ಇದ್ದೇ ಇರುತ್ತದೆ. ಇದುವರೆಗೆ ಒಡೆದಿಲ್ಲ, ಅವಧಿ ಮುಗಿದಾಗಲೆಲ್ಲ ಎಸೆದು ಹೊಸದು ತರುತ್ತೇನೆ. ಅನಸ್ತೇಟಿಸ್ಟ್‌ಗೆ ಸ್ಟ್ಯಾಂಡ್‌ಬೈ ಫೀ ಕೊಟ್ಟು ಕೂರಿಸುತ್ತೇನೆ. ಇಲ್ಲಿ ದುಡ್ಡು ಉಳಿಸಲು ಹೋಗುವವರು ಈ ವಿಧಾನ ಮುಟ್ಟದಿರಲಿ.

ಈಗ ದುಡ್ಡಿನ ವಿಷಯ. ಇದೇ ಕೇಸನ್ನು ದೊಡ್ಡ ಆಸ್ಪತ್ರೆಯಲ್ಲಿ ಜಿಎ (ಜನರಲ್ ಅನಸ್ತೇಶಿಯಾ) ಕೊಟ್ಟು ಮಾಡಿದಾಗ ಎಂಬತ್ತು ಎಂಬತ್ತೈದು ಸಾವಿರ ಆಗುತ್ತಿತ್ತು. ಅದರಲ್ಲಿ ನನ್ನ ಕೈಗೆ ಬರುತ್ತಿದ್ದದ್ದು ಇಪ್ಪತ್ತು, ಅದೂ ಎರಡು ತಿಂಗಳು ತಡವಾಗಿ. ಸ್ವಂತ ಡೇ ಕೇರ್ ಮಾಡಿದಾಗ ಮೊದಲು ಬಿಡಿ ಬಿಡಿ ಬಿಲ್ ಇಟ್ಟಿದ್ದೆ: ಸರ್ಜನ್ ಫೀ ಮೂವತ್ತು, ಓಟಿ ಬೇರೆ, ಔಷಧ ಬೇರೆ, ಆಮೇಲೆ ಎದೆ ಒತ್ತಿಹಿಡಿಯಲು ಹಾಕುವ ವೆಸ್ಟ್ ಬೇರೆ. ಅದು ನಡೆಯಲೇ ಇಲ್ಲ. "ಸರ, ಫೋನಿನ್ಯಾಗ ಮೂವತ್ತು ಅಂದಿದ್ರಿ, ಈಗ ನಲವತ್ತೇಳು ಆತಲ್ರೀ" ಎಂದು ಅಪ್ಪಂದಿರು ಕೌಂಟರಿನಲ್ಲಿ ನಿಲ್ಲುತ್ತಿದ್ದರು. ಅವರು ಕೇಳುವುದರಲ್ಲಿ ತಪ್ಪೇನಿದೆ, ಹತ್ತಿ ಮಾರಿದ ದುಡ್ಡು ಎಣಿಸಿ ತಂದಿರುತ್ತಾರೆ. ಈಗ ಒಂದೇ ರೇಟು, 42,000, ಜಿಎಸ್‌ಟಿ ಸೇರಿ. ರಕ್ತ ಪರೀಕ್ಷೆ, ಬಯಾಪ್ಸಿ, ವೆಸ್ಟು, ಡ್ರೆಸ್ಸಿಂಗ್, ಮೊದಲ ರಾತ್ರಿಯ ರೂಮು, ಊದಿ ವಾಪಸ್ ಬಂದರೆ ಮತ್ತೆ ತೆರೆಯುವುದು, ಆರು ತಿಂಗಳ ಮೇಲೆ ಏರುಪೇರು ಕಂಡರೆ ಸಣ್ಣ ತಿದ್ದುಪಡಿ, ಎಲ್ಲ ಅದರಲ್ಲೇ.

ಅದರಲ್ಲಿ ಸರ್ಕಾರಕ್ಕೆ ಹೋಗುವುದು ಆರು ಸಾವಿರದ ಮೇಲೆ. ಕಾಸ್ಮೆಟಿಕ್‌ಗೆ 18% ಇದೆ, ಜನ್ಮದೋಷ, ಬೆಳವಣಿಗೆಯ ದೋಷ, ಪೆಟ್ಟು ಇಂಥವಕ್ಕೆ ಮಾತ್ರ ವಿನಾಯಿತಿ. ಗೈನೆಕೊ ಯಾವ ಸಾಲಿಗೆ ಎಂದು ನನ್ನ ಸಿಎ ಜೊತೆ ಗಂಟೆಗಟ್ಟಲೆ ಕೂತಿದ್ದೇನೆ. ಕಟ್ಟಿಬಿಡಿ, ನಿದ್ದೆ ಚೆನ್ನಾಗಿ ಬರುತ್ತದೆ ಅಂದರು, ಕಟ್ಟುತ್ತೇನೆ. ಸಾಮಾನು, ಪರೀಕ್ಷೆ, ಅನಸ್ತೇಟಿಸ್ಟ್, ರೂಮು, ವೆಸ್ಟ್ ಎಲ್ಲ ಹದಿಮೂರು ಹದಿನಾಲ್ಕು ಸಾವಿರ. ಸ್ಟಾಫು, ಬಾಡಿಗೆಗೆ ಮುಂಚೆ ಇಪ್ಪತ್ತೆರಡರ ಹತ್ತಿರ ಉಳಿಯುತ್ತದೆ. ದೊಡ್ಡ ಆಸ್ಪತ್ರೆಯ ಇಪ್ಪತ್ತಕ್ಕೂ ಇದಕ್ಕೂ ಫರಕು ಕಮ್ಮಿ ಎನ್ನಿಸಬಹುದು. ಆದರೆ ಬೆಳಗ್ಗೆ ಎರಡು ಕೇಸು ಮುಗಿಸಿ ಒಂದೂವರೆಗೆ ನಾನು ಓಪಿಡಿಯಲ್ಲಿರುತ್ತೇನೆ, ದುಡ್ಡು ಅಂದೇ ಬಂದಿರುತ್ತದೆ.

ಇನ್ಶೂರೆನ್ಸ್ ಇದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. "ಗಡ್ಡಿ ಅಂತ ಬರದು ಕೊಡ್ರಿ ಸರ" ಎಂದು, ಗೆಡ್ಡೆ ಎಂದರೆ ಕ್ಲೇಮು ಸಿಗುತ್ತದೆಂದು, ಕೇಳುವವರು ತಿಂಗಳಿಗೆ ಇಬ್ಬರಾದರೂ ಇರುತ್ತಾರೆ. ಬರೆದುಕೊಡುವುದಿಲ್ಲ. ಇಎಂಐ ಕಂಪನಿಯೊಂದು ಬಂದಿತ್ತು, ಗಿರಾಕಿಗೆ ಬಡ್ಡಿಯಿಲ್ಲ ಎನ್ನುತ್ತ ನನ್ನಿಂದ ನೂರಕ್ಕೆ ಎಂಟೊಂಬತ್ತು ಹಿಡಿಯುತ್ತಿತ್ತು, ಆರು ತಿಂಗಳಲ್ಲಿ ಬಿಟ್ಟೆ. ಕೇಸು ಕಳಿಸುತ್ತೇವೆ, ಕಾಲು ಭಾಗ ನಮಗೆ ಎನ್ನುವ ಏಜೆಂಟರ ಫೋನು ಇಂದಿಗೂ ಬರುತ್ತದೆ. ಕಾಲು ಭಾಗ ಕೊಡಬೇಕಾದರೆ ಇಂಟ್ರಾಲಿಪಿಡ್‌ನಿಂದಲೋ ಅನಸ್ತೇಟಿಸ್ಟ್‌ನಿಂದಲೋ ಕತ್ತರಿಸಬೇಕು. ಕೊಡದೆ ಇದ್ದದ್ದಕ್ಕೆ ಮೊದಲ ಎರಡು ವರ್ಷ ಓಟಿ ಖಾಲಿ ಹೊಡೆಯಿತು. ಆಮೇಲೆ ತುಂಬಿಸಿದವರು ಆಪರೇಶನ್ ಮಾಡಿಸಿಕೊಂಡ ಹುಡುಗರೇ.

ನಡುವೆ ಮಾಡಿ ನೋಡಿದ ಕೆಲವು ಪ್ರಯೋಗ. ಹೊರಗಿನಿಂದ ತರಿಸುವ ಕಂಪ್ರೆಶನ್ ವೆಸ್ಟಿಗೆ ಮೂರೂವರೆ ಸಾವಿರ. ದುರ್ಗದಬೈಲಿನ ಟೈಲರೊಬ್ಬರಿಗೆ ಒಂದನ್ನು ಬಿಚ್ಚಿ ತೋರಿಸಿ ಲೈಕ್ರಾದಲ್ಲಿ ಹೊಲಿಸಿದೆ. ಮೊದಲ ಡಜನ್ ಕೆಟ್ಟಿತು: ಒಳಗಿನ ಹೊಲಿಗೆ ಎದೆಗೆ ಒತ್ತಿ ಗೆರೆ ಮೂಡಿಸಿತು, ಊತ ಇಳಿದರೂ ಆ ಗೆರೆ ಎರಡು ತಿಂಗಳು ಉಳಿಯಿತು. ಅವರೇ ಯೋಚಿಸಿ ಹೊಲಿಗೆಯನ್ನೆಲ್ಲ ಹೊರಮೈಗೆ ತಂದರು, ಮುಂದೆ ಎರಡು ಸಾಲು ಹುಕ್ಕು ಇಟ್ಟರು, ಊತ ಇಳಿದ ಹಾಗೆ ಒಳಸಾಲಿಗೆ ಹಾಕಿಕೊಳ್ಳಲು. 1,100 ರೂಪಾಯಿ, ಹುಬ್ಬಳ್ಳಿಯ ಬೇಸಿಗೆಯಲ್ಲೂ ಹುಡುಗರು ಬಿಚ್ಚದೆ ಹಾಕಿಕೊಳ್ಳುತ್ತಾರೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು, ರೋಗಿಗೆ ಹೇಳಿಯೇ, ಒಂದು ಬದಿಯ ಬಾಟಲಿಗೆ ಮಾತ್ರ ಹಾಕಿ ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ನೋಡಿದೆ. ಐದನೇ ದಿನ ಆ ಬದಿ ನೀಲಿ ಕಡಿಮೆ ಇದ್ದದ್ದು ಕಣ್ಣಿಗೇ ಕಂಡಿತು, ಊತದಲ್ಲಿ ಫರಕು ಕಾಣಲಿಲ್ಲ. ಹೇರ್ ಟ್ರಾನ್ಸ್‌ಪ್ಲಾಂಟ್ ಕೂಡ ವರ್ಷಪೂರ್ತಿ ಮಾಡಿದೆ. ಟೆಕ್ನಿಶಿಯನ್ ಕೈಗೆ ಕೊಟ್ಟು ಅಗ್ಗಕ್ಕೆ ಮಾಡುವವರ ಎದುರು ಇಡೀ ದಿನ ನಾನೇ ಕೂತು ಮಾಡಿದರೆ ಗಿಟ್ಟಲಿಲ್ಲ, ನಾಲ್ಕೈದು ಲಕ್ಷ ಕೈಬಿಟ್ಟಿತು. ವರ್ಕ್‌ಶಾಪು, ಯೂಟ್ಯೂಬು ನೋಡಿ ಕಲಿತರೆ ಸಾಲದು ಎಂದು ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2022ರಲ್ಲೇ ಹೇಳಿತು, ಅಂಥ ಕ್ಲಿನಿಕ್ಕುಗಳ ಬೋರ್ಡುಗಳು ಮಾತ್ರ ಹಾಗೇ ಇವೆ.

2022ರ ಮೇ ತಿಂಗಳು ನಮ್ಮಲ್ಲಿ ಯಾರೂ ಮರೆಯುವ ಹಾಗಿಲ್ಲ. ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವ ನಟಿಯೊಬ್ಬರು ಬೆಂಗಳೂರಿನಲ್ಲಿ ತೀರಿಕೊಂಡರು. ನನ್ನ ಫೋನು ಎರಡು ತಿಂಗಳು ಸದ್ದು ಮಾಡಲಿಲ್ಲ, ಬುಕ್ ಆಗಿದ್ದವರು ಅಡ್ವಾನ್ಸ್ ವಾಪಸ್ ಕೇಳಿದರು, ಕೊಟ್ಟೆ. ಮತ್ತೆ ಬರತೊಡಗಿದಾಗ ಜೊತೆಗೆ ತಾಯಂದಿರು ಬಂದರು. "ನನ್ನ ಮಗಾ ವಾಪಸ್ ಬರ್ತಾನಿಲ್ರೀ?" ಈ ಪ್ರಶ್ನೆಗೆ ಇಂಗ್ಲಿಷ್ ಕನ್ಸೆಂಟ್ ಫಾರ್ಮ್ ಉತ್ತರ ಕೊಡುವುದಿಲ್ಲ. ಒಂದು ಪುಟ ಕನ್ನಡದಲ್ಲಿ ಬರೆದೆ. ಅದೇ ರಾತ್ರಿ ರಕ್ತ ತುಂಬಿ ಮತ್ತೆ ತೆರೆಯಬೇಕಾಗಬಹುದು. ತೊಟ್ಟಿನ ಸ್ಪರ್ಶ ತಿಂಗಳುಗಟ್ಟಲೆ ಮಂದವಾಗಬಹುದು, ಕೆಲವರಿಗೆ ಪೂರ್ತಿ ಮರಳುವುದಿಲ್ಲ. ಎರಡೂ ಬದಿ ತದ್ವತ್ ಒಂದೇ ಆಗುವುದಿಲ್ಲ. ಹೆಚ್ಚು ತೆಗೆದರೆ ಗುಳಿ ಬೀಳುತ್ತದೆ. ಸ್ಟೆರಾಯ್ಡ್ ಚುಚ್ಚಿಕೊಂಡರೆ ಮತ್ತೆ ಬೆಳೆಯುತ್ತದೆ. ಲಕ್ಷಗಟ್ಟಲೆ ಜನರಲ್ಲಿ ಅಪರೂಪಕ್ಕೆ ಪ್ರಾಣಕ್ಕೂ ಬರಬಹುದು. ಕೊನೆಯ ಸಾಲು ಬೇಡ, ಗಿರಾಕಿ ಓಡುತ್ತಾರೆ ಎಂದು ಬಹಳ ಜನ ಹೇಳಿದರು. ತೆಗೆಯಲಿಲ್ಲ. ಈ ಪುಟವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ, ಸಹಿ ಅಂದೇ ತೆಗೆದುಕೊಳ್ಳುವುದಿಲ್ಲ. ಹತ್ತರಲ್ಲಿ ಏಳು ಜನ ವಾರದೊಳಗೆ ವಾಪಸ್ ಬರುತ್ತಾರೆ, ಬಂದವರು ಕೌಂಟರಿನಲ್ಲಿ ಚೌಕಾಶಿ ಮಾಡುವುದಿಲ್ಲ.

ಎಲ್ಲರಿಗೂ ಇದಲ್ಲ. ಹದಿನಾರು ಹದಿನೇಳರ ಹುಡುಗರಲ್ಲಿ ಶುರುವಾಗಿ ಎರಡು ವರ್ಷ ಆಗದಿದ್ದರೆ ಕಾಯಲು ಹೇಳುತ್ತೇನೆ, ಬಹಳಷ್ಟು ತಾನೇ ಕರಗುತ್ತದೆ. ಎದೆ ಉಬ್ಬಲು ಕಾರಣ ಅಲ್ಲೂ ಇರಬಹುದೆಂದು, ವೃಷಣ ಮುಟ್ಟಿ ನೋಡದೆ ಯಾರಿಗೂ ಡೇಟ್ ಕೊಡುವುದಿಲ್ಲ. ಚರ್ಮ ಜೋತುಬಿದ್ದ ಗ್ರೇಡ್ ಮೂರಕ್ಕೆ ಜಿಎ ಬೇಕು, ಅವರನ್ನು ಈ ರೇಟಿಗೆ ಎಳೆಯುವುದಿಲ್ಲ.

ಈಗ ಬಾಗಿಲಿಗೆ ಬರುತ್ತಿರುವವರು ಮತ್ತೆ ಬೇರೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಇಂಜೆಕ್ಷನ್ ನಮ್ಮ ದೇಶಕ್ಕೆ ಬಂದ ಮೇಲೆ ಹದಿನೈದಿಪ್ಪತ್ತು ಕೆ.ಜಿ. ಇಳಿಸಿಕೊಂಡವರು ಬರುತ್ತಿದ್ದಾರೆ. ಇವರಿಗೆ ಲೈಪೊ ಬೇಕಿಲ್ಲ, ಜೋತ ಚರ್ಮ ತೆಗೆಯಬೇಕು. ನಲವತ್ತು ದಾಟಿದ ಹೆಂಗಸರು ರವಿಕೆಯ ತೋಳು ತೋರಿಸುತ್ತಾರೆ. ತೆಳ್ಳನೆ ತೋಳುಗಳಿಗೆ ಇದೇ ಟ್ಯುಮೆಸೆಂಟ್‌ನಲ್ಲಿ ಕೆಲವು ಮಾಡಿದ್ದೇನೆ, ನೋವಿನ ತೊಂದರೆ ಬರಲಿಲ್ಲ. ಆದರೆ ಗಾಯ ಮೊಣಕೈವರೆಗೆ ಇರುತ್ತದೆ, ಹೊಲಿಯಲು ಎರಡು ಗಂಟೆ ಹಿಡಿಯುತ್ತದೆ, ಒಂದು ರಾತ್ರಿ ಇರಿಸಿಕೊಳ್ಳುತ್ತೇನೆ. ವಾರಕ್ಕೊಮ್ಮೆಯ ಇಂಜೆಕ್ಷನ್ ಇದ್ದವರಿಗೆ ಒಂದು ವಾರ ಬಿಡಿಸಿಯೇ ಡೇಟ್ ಕೊಡುತ್ತೇನೆ: ನಡುವೆ ಜಿಎಗೆ ಹೋಗಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರುತ್ತದೆಂಬ ನಂಬಿಕೆ ಇವರಲ್ಲಿ ಇಡುವಂತಿಲ್ಲ. ಇದಕ್ಕೂ ಒಂದೇ ರೇಟು ಇಡಬೇಕೆಂದಿದ್ದೇನೆ, ಎಪ್ಪತ್ತರಿಂದ ಎಪ್ಪತ್ತೈದು ಸಾವಿರದ ನಡುವೆ. ಗಾಯದ ಕಲೆ ದಪ್ಪವಾದವರಿಗೆ ಅದನ್ನು ತಗ್ಗಿಸುವ ಇಂಜೆಕ್ಷನ್ ಖರ್ಚು ಒಳಗೋ ಹೊರಗೋ ಎನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ, ದೀಪಾವಳಿಯ ಹೊತ್ತಿಗೆ ಬೋರ್ಡಿಗೆ ಹಾಕುತ್ತೇನೆ.