ಸ್ಕ್ರಿಪ್ಟ್‌ಗೆ ಬಟನ್ ಹಾಕಿ, ವಿಂಡೋ ಹ್ಯಾಂಗ್ ಆಗದಂತೆ

ಹಳೆಯ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಹಾಕಿದ್ದೀರಿ. ಒಂದೊಂದೇ ಪುಟವನ್ನು, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶಕ್ಕೆ ಕೊಟ್ಟು ಕನ್ನಡ ಪಠ್ಯ ತೆಗೆಯುವ ಪುಟ್ಟ ಪೈಥಾನ್ ಸ್ಕ್ರಿಪ್ಟೂ ಇದೆ. ನಿಮಗೆ ಅಷ್ಟೇ ಸಾಕು. ಆದರೆ ಗ್ರಂಥಾಲಯದ ಸಿಬ್ಬಂದಿಗೋ ನಿವೃತ್ತ ಮೇಷ್ಟ್ರಿಗೋ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಎನ್ನಲಾಗದು. ಫೋಲ್ಡರ್ ಆರಿಸಲು, ಶುರು ಮಾಡಲು, ನಿಲ್ಲಿಸಲು ಅವರಿಗೆ ಮೂರು ಬಟನ್ ಬೇಕು. ಇದನ್ನು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಎಡವುವುದನ್ನು ನಾನು ನೋಡಿರುವುದು ಮೂರನೇ ಹಂತದಲ್ಲಿ.

ಹಂತ 1: ಮೊದಲು ಸ್ಕ್ರಿಪ್ಟನ್ನೇ ಸಿದ್ಧಮಾಡಿ. ಯಾವ ಫೋಲ್ಡರ್ ಎಂದು ನಡುವೆ ಕೇಳುವ ಸಾಲಿದ್ದರೆ ತೆಗೆದು, ಕಮಾಂಡಿನ ಜೊತೆಗೇ ಆರ್ಗ್ಯುಮೆಂಟ್ ಆಗಿ ಪಡೆಯಿರಿ. ಇಲ್ಲದಿದ್ದರೆ ಯಾರಿಗೂ ಕಾಣದ ಪ್ರಶ್ನೆಗೆ ಉತ್ತರ ಕಾಯುತ್ತ ಅದು ಅಲ್ಲೇ ಕೂರುತ್ತದೆ. ಪ್ರತಿ ಪುಟ ಮುಗಿದಾಗ ‘ಪುಟ 12/240’ ಎಂದು ಒಂದು ಸಾಲು ಪ್ರಿಂಟ್ ಆಗಲಿ. ಬಟನ್‌ಗಳ ಕೋಡನ್ನು ಇದರೊಳಗೆ ತುರುಕಬೇಡಿ, ಅದಕ್ಕೆ ಬೇರೆಯೇ ಫೈಲ್ ಇರಲಿ.

ಹಂತ 2: ವಿಂಡೋ ಕಟ್ಟುವ ಪೈಥಾನ್ ಲೈಬ್ರರಿಯಾದ ಟಿಕಿಂಟರ್‌ನಲ್ಲಿ ಮೂರು ಬಟನ್, ಒಂದು ಪ್ರೋಗ್ರೆಸ್ ಬಾರ್, ಸಂದೇಶ ತೋರಿಸಲು ಒಂದು ಟೆಕ್ಸ್ಟ್ ಬಾಕ್ಸ್ ಜೋಡಿಸಿ. ವಿಂಡೋಸ್‌ನಲ್ಲಿ ಟಿಕಿಂಟರ್ ಪೈಥಾನ್ ಜೊತೆಗೇ ಬರುತ್ತದೆ, ಉಬುಂಟುವಿನಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕು. ಇಷ್ಟಕ್ಕೆಲ್ಲ ವೆಬ್ ಪುಟದಂತೆ ಆ್ಯಪ್ ಕಟ್ಟುವ ಎಲೆಕ್ಟ್ರಾನ್ ಬಳಸಬೇಡಿ. ಮೂರು ಬಟನ್‌ಗಾಗಿ ಇಡೀ ಕ್ರೋಮಿಯಂ ಬ್ರೌಸರನ್ನು ಹೊತ್ತು ತಿರುಗುವುದು ಯಾತಕ್ಕೆ? ಒಂದು ಎಚ್ಚರಿಕೆ: ಲಿನಕ್ಸ್‌ನಲ್ಲಿ ಟಿಕಿಂಟರ್‌ನ ಹಿಂದಿರುವ ಟಿಕೆ 8.6 ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. ಅಲ್ಲಿ ಕನ್ನಡದಲ್ಲೇ ಬಟನ್ ಹೆಸರು ಬೇಕೆಂದರೆ ಇಂಥದ್ದೇ ಇನ್ನೊಂದು ಲೈಬ್ರರಿಯಾದ ಪೈಸೈಡ್ ಹಿಡಿಯಿರಿ.

ಹಂತ 3: ಇಲ್ಲಿ ಆತುರ ಬೇಡ. ವಿಂಡೋ ಬಿಡಿಸುವುದು, ಕ್ಲಿಕ್ ಕೇಳಿಸಿಕೊಳ್ಳುವುದು ಎಲ್ಲವೂ ಒಂದೇ ಥ್ರೆಡ್‌ನ, ಅಂದರೆ ಪ್ರೋಗ್ರಾಂನೊಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಒಂದೇ ಎಳೆಯ ಹೊಣೆ. ಶುರು ಬಟನ್‌ನ ಫಂಕ್ಷನ್ನಿನೊಳಗೇ ಸ್ಕ್ರಿಪ್ಟ್ ಓಡಿಸಲು ‘ಸಬ್‌ಪ್ರೊಸೆಸ್ ರನ್’ ಕರೆದರೆ, 240 ಪುಟವೂ ಮುಗಿಯುವ ತನಕ ಅದು ವಾಪಸ್ ಬರುವುದಿಲ್ಲ. ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಂಡ ಸಪ್ಲೈಯರೇ ಒಳಗೆ ಹೋಗಿ ದೋಸೆ ಹುಯ್ಯಲು ನಿಂತರೆ ಉಳಿದ ಟೇಬಲಿನವರ ಕೂಗು ಯಾರಿಗೆ ಕೇಳಬೇಕು? ವಿಂಡೋ ಬಿಳಿಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಎನ್ನುತ್ತದೆ. ಕೂತವರು ಗಾಬರಿಯಾಗಿ ಮುಚ್ಚಿಬಿಡುತ್ತಾರೆ.

ಹೀಗೆ ಮಾಡಿ. ಶುರು ಒತ್ತಿದ ಕೂಡಲೇ ಆ ಬಟನನ್ನು ನಿಷ್ಕ್ರಿಯಗೊಳಿಸಿ, ಬೇರೊಂದು ಥ್ರೆಡ್ ಎಬ್ಬಿಸಿ. ಆ ಥ್ರೆಡ್, ಮುಗಿಯುವ ತನಕ ಕಾಯದೆ ವಾಪಸ್ ಬರುವ ‘ಪೋಪನ್’ ಮೂಲಕ ಸ್ಕ್ರಿಪ್ಟ್ ಓಡಿಸಿ, ಬಂದ ಒಂದೊಂದು ಸಾಲನ್ನೂ ಒಂದು ಕ್ಯೂಗೆ (ಬಂದ ಕ್ರಮದಲ್ಲೇ ಕಾದಿರುವ ಸರದಿಗೆ) ಹಾಕಲಿ. ಪ್ರೋಗ್ರೆಸ್ ಬಾರನ್ನಾಗಲಿ ಟೆಕ್ಸ್ಟ್ ಬಾಕ್ಸನ್ನಾಗಲಿ ಅದು ಮುಟ್ಟಲೇಬಾರದು. ಮುಖ್ಯ ಥ್ರೆಡ್ ಟಿಕಿಂಟರ್‌ನ ‘ಆಫ್ಟರ್’ ಬಳಸಿ 100 ಮಿಲಿಸೆಕೆಂಡಿಗೊಮ್ಮೆ ಕ್ಯೂ ಇಣುಕಿ, ಇದ್ದುದನ್ನು ತೋರಿಸಿ, ಮತ್ತೆ 100 ಮಿಲಿಸೆಕೆಂಡಿಗೆ ತನ್ನನ್ನೇ ಕರೆದುಕೊಳ್ಳಲಿ. ಬೇರೆ ಥ್ರೆಡ್ ಬೇಡ, ನಡುನಡುವೆ ವಿಂಡೋವನ್ನು ಮತ್ತೆ ಬಿಡಿಸುವ ‘ಅಪ್‌ಡೇಟ್’ ಕರೆದರೆ ಸಾಕು ಎಂಬ ಅಡ್ಡದಾರಿ ಹೇಳಿಕೊಡುವವರಿದ್ದಾರೆ, ಕೇಳಬೇಡಿ. ಒಂದು ಪುಟ ತಡವಾದರೆ ವಿಂಡೋ ಅಷ್ಟು ಹೊತ್ತೂ ಸತ್ತಂತೆಯೇ ಇರುತ್ತದೆ.

ಇಷ್ಟಾದರೂ ಸಾಲುಗಳು ಕೊನೆಗೆ ಒಟ್ಟಿಗೇ ಬಂದು ಬೀಳಬಹುದು. ಔಟ್‌ಪುಟ್ ಟರ್ಮಿನಲ್‌ಗೆ ಹೋಗದೆ ಪೈಪ್‌ಗೆ (ಇನ್ನೊಂದು ಪ್ರೋಗ್ರಾಂಗೆ ತಲುಪಿಸುವ ಕೊಳವೆಗೆ) ಹೋಗುವಾಗ ಪೈಥಾನ್ ಅದನ್ನು ಬಫರ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಪ್ರಿಂಟ್‌ನಲ್ಲಿ ‘ಫ್ಲಶ್’ ಟ್ರೂ ಮಾಡಿ. ವಿಂಡೋಸ್‌ನಲ್ಲಿ ‘ಪುಟ’ ಎಂಬ ಕನ್ನಡ ಪದ ಪ್ರಿಂಟ್ ಮಾಡಹೋಗಿಯೇ ಸ್ಕ್ರಿಪ್ಟ್ ಯೂನಿಕೋಡ್ ದೋಷ ಕೊಟ್ಟು ನಿಲ್ಲಬಹುದು. ಸ್ಕ್ರಿಪ್ಟಿನ ಮೊದಲಿಗೇ ಔಟ್‌ಪುಟ್ ಎನ್‌ಕೋಡಿಂಗನ್ನು ಯುಟಿಎಫ್-8 ಮಾಡಿ, ಪೋಪನ್‌ನಲ್ಲೂ ಅದನ್ನೇ ಹೇಳಿ. ದೋಷದ ಸಂದೇಶಗಳನ್ನೂ ಅದೇ ಪೈಪ್‌ಗೆ ಸೇರಿಸಿ. ಬೇರೆ ಪೈಪ್ ಕೊಟ್ಟು ಓದದೇ ಬಿಟ್ಟರೆ, ಅದು ತುಂಬಿದೊಡನೆ ಸ್ಕ್ರಿಪ್ಟ್ ನಿಂತುಬಿಡುತ್ತದೆ.

ಹಂತ 4: ಕಮಾಂಡನ್ನು ಪಟ್ಟಿಯಾಗಿ ಕೊಡಿ, ‘ಶೆಲ್’ ಟ್ರೂ ಬೇಡ. ಒಂದೇ ಸಾಲಾಗಿ ಶೆಲ್‌ಗೆ ಕೊಟ್ಟರೆ ಫೋಲ್ಡರ್ ಹೆಸರಿನಲ್ಲಿ ಒಂದು ಸ್ಪೇಸ್ ಇದ್ದರೂ ಎಡವಟ್ಟು. ನಿಲ್ಲಿಸು ಬಟನ್‌ಗೆ ಸ್ಕ್ರಿಪ್ಟನ್ನು ಕೊನೆಗೊಳಿಸುವ ‘ಟರ್ಮಿನೇಟ್’ ಜೋಡಿಸಿ. ವಿಂಡೋ ಮುಚ್ಚಿದಾಗಲೂ ಅದೇ ನಡೆಯಲಿ.

ಹಂತ 5: ಪೈಥಾನ್ ಇಲ್ಲದ ಕಡೆಯೂ ಓಡುವಂತೆ ಪೈಇನ್‌ಸ್ಟಾಲರ್‌ನಿಂದ ಪ್ಯಾಕ್ ಮಾಡಿ. ಒಂದೇ ಫೈಲ್ ಆಗಿಸುವ ಆಸೆ ಬೇಡ. ತೆರೆದಾಗಲೆಲ್ಲ ಅದು ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿಕೊಳ್ಳಬೇಕು, ಸಾಲದ್ದಕ್ಕೆ ಆಂಟಿವೈರಸ್ ಸುಮ್ಮನೆ ಶಂಕಿಸುತ್ತದೆ. ಫೋಲ್ಡರ್ ರೂಪವೇ ಒಳ್ಳೆಯದು. ಪ್ಯಾಕ್ ಆದ ಮೇಲೆ, ಓಡುತ್ತಿರುವ ಪೈಥಾನ್ ಎಲ್ಲಿದೆ ಎಂದು ಹೇಳುವ ‘ಸಿಸ್ ಎಕ್ಸಿಕ್ಯೂಟಬಲ್’ ಎಂದರೆ ಪೈಥಾನ್ ಅಲ್ಲ, ನಿಮ್ಮ ವಿಂಡೋದ ಇಎಕ್ಸ್‌ಇಯೇ. ಅದರಿಂದ ಸ್ಕ್ರಿಪ್ಟ್ ಓಡಿಸಹೊರಟರೆ ಇನ್ನೊಂದು ವಿಂಡೋ ತೆರೆದುಕೊಳ್ಳುತ್ತದೆ! ಸ್ಕ್ರಿಪ್ಟನ್ನು ಕನ್ಸೋಲ್ ಆಯ್ಕೆಯಲ್ಲೇ ಪ್ರತ್ಯೇಕ ಇಎಕ್ಸ್‌ಇ ಮಾಡಿ, ಕಪ್ಪು ಪರದೆ ಮಿಂಚಿ ಮರೆಯಾಗದಂತೆ ‘ಕ್ರಿಯೇಟ್ ನೋ ವಿಂಡೋ’ ಫ್ಲ್ಯಾಗ್ ಜೊತೆ ಕರೆಯಿರಿ. ಟೆಸರಾಕ್ಟ್ ಮತ್ತು ಅದರ ಕನ್ನಡ ಡೇಟಾ ಫೈಲ್ ತಾವಾಗಿ ಪ್ಯಾಕ್‌ನೊಳಗೆ ಬರುವುದಿಲ್ಲ, ಅವನ್ನು ಆ ಕಂಪ್ಯೂಟರ್‌ನಲ್ಲಿ ನೀವೇ ಹಾಕಿಕೊಡಬೇಕು.

ಕೊಡುವ ಮೊದಲು ಪೈಥಾನ್ ಇಲ್ಲದ ಕಂಪ್ಯೂಟರ್‌ನಲ್ಲಿ, ಕನ್ನಡದಲ್ಲೇ ಹೆಸರಿರುವ ಫೋಲ್ಡರ್ ಆರಿಸಿ ಓಡಿಸಿ. ನಾಲ್ಕನೇ ಪುಟದ ಹೊತ್ತಿಗೆ ನಿಲ್ಲಿಸು ಒತ್ತಿ, ಮತ್ತೆ ಶುರು ಮಾಡಿ ನೋಡಿ.