ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಗ್ರಾಫಿಕ್ಸ್ ಚಿಪ್ ಎಷ್ಟು ವ್ಯಾಟ್‌ನದೆಂದು ನೋಡಿ

ಕಡಿಮೆ ಬಜೆಟ್‌ನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಆರಿಸುವವರು ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಚಿಪ್‌ನ ಹೆಸರಿಗಿಂತ ಮೊದಲು ಅದರ ವ್ಯಾಟ್ ಮಿತಿಯನ್ನು, ಅಂದರೆ ಅದು ಗರಿಷ್ಠ ಎಷ್ಟು ವಿದ್ಯುತ್ ಬಳಸಬಲ್ಲದು ಎಂಬುದನ್ನು ನೋಡಿ. ವಿವರಪಟ್ಟಿಯಲ್ಲಿ ಇದನ್ನು ಟಿಜಿಪಿ (ಟೋಟಲ್ ಗ್ರಾಫಿಕ್ಸ್ ಪವರ್) ಎಂದು ಬರೆದಿರುತ್ತಾರೆ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಚಿಪ್ಪನ್ನು ಲ್ಯಾಪ್‌ಟಾಪ್ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಕೂರಿಸಬಹುದು. ವಿದ್ಯುತ್ ಕಡಿಮೆ ಸಿಕ್ಕಷ್ಟೂ ಚಿಪ್ಪಿನ ವೇಗ ಇಳಿಯುತ್ತದೆ. ಹಾಗಾಗಿ ತೆಳ್ಳಗಿನ, ಅಂದವಾದ ಯಂತ್ರಕ್ಕೆ ಹೆಚ್ಚು ದುಡ್ಡು ಕೊಟ್ಟು, ದಪ್ಪನೆಯ ಅಗ್ಗದ ಯಂತ್ರಕ್ಕಿಂತ ಕಡಿಮೆ ಫ್ರೇಮ್ (ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳು) ಪಡೆಯುವುದೂ ಉಂಟು. ಪೆಟ್ಟಿಗೆಯ ಮೇಲೆ ಈ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ, ತಯಾರಕರ ಜಾಲತಾಣದಲ್ಲಿ ಅದೇ ಮಾದರಿಯ ಪುಟವನ್ನು ತೆರೆದು ಹುಡುಕಿ. ಅಂಗಡಿಯಲ್ಲಿ ಯಂತ್ರ ಚಾಲೂ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿಯೂ ನೋಡಬಹುದು. ಕೇಳಲು ಸಂಕೋಚ ಬೇಡ, ನಿಮ್ಮ ದುಡ್ಡು. ಆದರೆ ಈ ಅಳತೆ ಎಲ್ಲ ಕಡೆ ನಡೆಯುವುದಿಲ್ಲ. ವ್ಯಾಲೊರಂಟ್‌ನಂಥ ಹಗುರ ಆಟಗಳಲ್ಲಿ ಪ್ರೊಸೆಸರ್‌ನದೇ ಹೆಚ್ಚಿನ ಪಾತ್ರ, ಅಲ್ಲಿ ವ್ಯಾಟ್ ಏರಿದರೂ ದೊಡ್ಡ ಲಾಭವಿಲ್ಲ. ಚಿಪ್ಪಿನ ಸ್ವಂತ ಮೆಮೊರಿ 4 ಜಿಬಿ ಮಾತ್ರ ಇದ್ದರೆ ಹೊಸ ಭಾರಿ ಆಟಗಳು ಎಷ್ಟು ವ್ಯಾಟ್ ಕೊಟ್ಟರೂ ತಡವರಿಸುತ್ತವೆ. ಬೇರೆ ಬೇರೆ ಚಿಪ್‌ಗಳ ವ್ಯಾಟ್‌ಗಳನ್ನು ಹೋಲಿಸಬೇಡಿ, ಒಂದೇ ಚಿಪ್ ಇರುವ ಎರಡು ಲ್ಯಾಪ್‌ಟಾಪ್‌ಗಳ ನಡುವೆ ಮಾತ್ರ ಹೋಲಿಸಿ. ಇನ್ನೊಂದು ಮಾತು, ಪೂರ್ತಿ ವ್ಯಾಟ್ ಸಿಗುವುದು ಚಾರ್ಜರ್ ಹಾಕಿದಾಗ ಮಾತ್ರ. ಹಾಸ್ಟೆಲ್‌ನಲ್ಲಿ ಹಾಸಿಗೆಯ ಮೇಲೆ ಬ್ಯಾಟರಿಯಲ್ಲೇ ಆಡುವವರಿಗೆ 115 ವ್ಯಾಟ್‌ಗೆಂದು ಹೆಚ್ಚು ತೆತ್ತು ಪ್ರಯೋಜನವಿಲ್ಲ.